ಉದ್ದದ ಇಂಗ್ಲಿಷ್ ಪದ ಬಿಡಿಸುವುದು ಹೀಗೆ

ನನ್ನ ತಂಗಿ ಮಗಳು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಂಟಕ್ಕೆ ಇಂಗ್ಲಿಷ್ ಮೀಡಿಯಂ ಸೇರಿದಳು. ಮೊದಲ ವಾರವೇ ವಿಜ್ಞಾನದ ಪುಸ್ತಕ ತಂದು, ಒಂದು ಪದದ ಮೇಲೆ ಬೆರಳಿಟ್ಟು ಸುಮ್ನೆ ಕೂತಳು. ಫೋಟೋಸಿಂಥೆಸಿಸ್. ಇಂಗ್ಲಿಷಿನಲ್ಲಿ 14 ಅಕ್ಷರ.

ಇಂಥದ್ದನ್ನು ಮೊದಲು ಕಿವಿಯಿಂದ ಬಿಡಿಸಬೇಕು. ಗದ್ದದ ಕೆಳಗೆ ಅಂಗೈ ಇಟ್ಟು ನಿಧಾನವಾಗಿ ಹೇಳಿ: ಫೋ-ಟೋ-ಸಿನ್-ಥೆ-ಸಿಸ್. ಗದ್ದ ಐದು ಸಲ ಇಳಿಯುತ್ತದೆ. ಅಂದರೆ ಐದು ತುಂಡು, ಒಂದೊಂದರಲ್ಲೂ ಒಂದೇ ಸ್ವರದ ಸದ್ದು.

ಕನ್ನಡದವರು ಎಡವುವುದು ಇಲ್ಲೇ. ನಮ್ಮ ನಾಲಿಗೆಗೆ ಪದದ ಕೊನೆಯಲ್ಲಿ ಸ್ವರ ಬೇಕು. ಸ್ಕೂಲ್ ಸ್ಕೂಲು ಆಗುತ್ತದೆ, ಪ್ಲೇಟ್ ಪ್ಲೇಟು ಆಗುತ್ತದೆ. ಇಂಗ್ಲಿಷಿನಲ್ಲಿ ಇವೆರಡೂ ಒಂದೊಂದೇ ತುಂಡು. ಪ್ಲೇಟ್ ಕೊನೆಯಲ್ಲಿ ಬರೆಯುವ 'ಇ'ಗೆ ಸದ್ದಿಲ್ಲ, ಅದನ್ನು ಎಣಿಸಬೇಡಿ.

ಆಮೇಲೆ ಅರ್ಥದಿಂದ ಬಿಡಿಸಿ. ನಾನು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದೆ: ಫೋಟೋ, ಸಿನ್, ಥೆಸಿಸ್. "ಇದನ್ನೇ ಕನ್ನಡದಲ್ಲಿ ಏನಂತ ಓದಿದ್ದೆ?" ಅಂದೆ. "ದ್ಯುತಿಸಂಶ್ಲೇಷಣೆ" ಅಂದಳು. ಅದನ್ನು ಕೆಳಗೇ ಬರೆಸಿದೆ. ಫೋಟೋ ಗ್ರೀಕ್ ಮೂಲದ್ದು, ಬೆಳಕು. ನಮ್ಮ ದ್ಯುತಿಯೂ ಬೆಳಕು. ಸಿನ್ ಅಂದರೆ ಒಟ್ಟಿಗೆ, ಅದು ನಮ್ಮ 'ಸಂ'. ಥೆಸಿಸ್ ಅಂದರೆ ಇಡುವುದು. ಒಟ್ಟಿಗೆ ಇಟ್ಟರೆ ಕೂಡಿಸಿದಂತೆ, ಅಲ್ವಾ? ಅದೇ ಸಂಶ್ಲೇಷಣೆ. ತುಂಡಿಗೆ ತುಂಡು ಹೊಂದಿತು. ಕನ್ನಡದಲ್ಲಿ ಓದಿದ್ದು ದಂಡವಾಯಿತು ಅಂತ ಅಳುತ್ತಿದ್ದ ಹುಡುಗಿ, ಮೈಕ್ರೋಸ್ಕೋಪ್ ಪಕ್ಕ ತಾನೇ ಸೂಕ್ಷ್ಮದರ್ಶಕ ಅಂತ ಬರೆದಳು. ಟೆಲಿಸ್ಕೋಪ್ ಪಕ್ಕ ದೂರದರ್ಶಕ. ಎರಡರಲ್ಲೂ ಸ್ಕೋಪ್ ಇದ್ದ ಕಡೆ ದರ್ಶಕ.

ಎರಡು ಬಗೆಯ ತುಂಡುಗಳನ್ನು ಬೆರೆಸಬೇಡಿ. ಬಯಾಲಜಿ ಕಿವಿಗೆ ನಾಲ್ಕು: ಬೈ-ಆ-ಲ-ಜಿ. ಅರ್ಥಕ್ಕೆ ಎರಡೇ: ಜೀವ, ಶಾಸ್ತ್ರ. ಓದಲು ಮೊದಲನೆಯದು, ತಿಳಿಯಲು ಎರಡನೆಯದು.

ದಿನಬಳಕೆಯ ಪದಗಳಿಗೆ ಹಿಂದು ಮುಂದು ಕಳಚಿದರೆ ಸಾಕು. ಅನ್‌ಬಿಲೀವಬಲ್: ಮುಂದಿನ 'ಅನ್' ತೆಗೆಯಿರಿ, ಹಿಂದಿನ 'ಏಬಲ್' ತೆಗೆಯಿರಿ, ನಡುವೆ ಬಿಲೀವ್ ಉಳಿಯುತ್ತದೆ. ಅದರ ಕೊನೆಯ 'ಇ' ಎಲ್ಲಿ ಹೋಯಿತು ಅಂತ ಕೇಳಿದಳು. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದಾಗ 'ಉ' ಹೋಗುವುದಿಲ್ಲವೇ, ಹಾಗೆಯೇ ಅಂದೆ. ಲೋಪಸಂಧಿ ಅವಳಿಗೆ ಚೆನ್ನಾಗಿ ಗೊತ್ತು.

ಕಳಚಿದ ಮೇಲೆ ಉಳಿದದ್ದಕ್ಕೆ ಅರ್ಥ ಇದೆಯಾ ನೋಡಿ. ಅಂಕಲ್ ಎಂಬ ಪದವೂ ಅದೇ 'ಯು', 'ಎನ್' ಅಕ್ಷರಗಳಿಂದಲೇ ಶುರುವಾಗುತ್ತದೆ. ಅವನ್ನು ತೆಗೆದರೆ ಉಳಿಯುವುದಕ್ಕೆ ಅರ್ಥವೇ ಇಲ್ಲ. ಅಂಥ ಪದವನ್ನು ಒಡೆಯದೆ ಇಡಿಯಾಗಿ ಕಲಿಸಿ.