ಸನ್‌ಪ್ಯಾಕ್ ಶೀಟಿನ ಗುರಿ ವಿಮಾನ: ರೇಡಾರಿಗೂ ಕಂಡಿತು, ಜೇಬಿಗೂ ಹಗುರ

"ಬೋರ್ಡು ಬರೆಸುವ ಶೀಟಿನಲ್ಲಿ ವಿಮಾನವೇ? ರೇಡಾರಿಗೆ ಕಾಣುವುದೂ ಇಲ್ಲ" ಎಂದು ನಕ್ಕವರೇ ಈಗ ಪುಣೆಯ ಭೋಸರಿಯಲ್ಲಿರುವ ನಮ್ಮ ಶೆಡ್ಡಿಗೆ ಬಂದು ಡ್ರಾಯಿಂಗ್ ಕೇಳುತ್ತಿದ್ದಾರೆ. ನಾವು ಕಟ್ಟುವುದು ವಿಮಾನ ಹೊಡೆಯುವ ಗನ್ನಿನವರು ಗುರಿ ಹಿಡಿದು ಪಳಗುವ ಪುಟ್ಟ ವಿಮಾನ. ಸನ್‌ಪ್ಯಾಕ್ ಎಂದರೆ ಒಳಗೆ ಸಾಲಾಗಿ ಟೊಳ್ಳು ಕೊಳವೆಗಳಿರುವ ಪ್ಲಾಸ್ಟಿಕ್ ಶೀಟು. ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ಎಡಿಇ ಮಾಡಿದ ಲಕ್ಷ್ಯ, ಅಭ್ಯಾಸ್‌ನಂಥ ಜೆಟ್ ಗುರಿಗಳ ಲೆಕ್ಕವೇ ಬೇರೆ. ಗನ್ನರ್‌ಗಳ ಕಣ್ಣು, ಕೈ ಪಳಗಿಸಲು ದಿನಾ ಬೆಳಗ್ಗೆ ಅವನ್ನು ಹಾರಿಸಿದರೆ ಯಾರಿಗೂ ಪೂರೈಸದು. ನಮ್ಮದು ಆ ದಿನನಿತ್ಯದ ಕೆಲಸಕ್ಕೆ. ಆರ್‌ಸಿ, ಅಂದರೆ ರೇಡಿಯೋದಿಂದ ನಡೆಸುವ ವಿಮಾನ, ಹಾರಿಸಿ ಗೊತ್ತಿದ್ದವರಿಗಷ್ಟೇ ಬರೆಯುತ್ತಿದ್ದೇನೆ, ಮೊದಲ ಪಾಠ ಇಲ್ಲಿಲ್ಲ.

ರೆಕ್ಕೆಯ ತುದಿಯಿಂದ ತುದಿಗೆ 1.4 ಮೀಟರ್, ಅಂದರೆ ಫೈಟರಿನ ಎಂಟರಲ್ಲೊಂದು ಪಾಲು. 250 ಮೀಟರ್ ದೂರದಲ್ಲಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ಅಡ್ಡ ಹಾಯ್ದರೆ, ಗನ್ನಿನ ಸೈಟಿನಲ್ಲಿ ಅದು 2 ಕಿ.ಮೀ. ಆಚೆ 720 ಕಿ.ಮೀ. ವೇಗದಲ್ಲಿ ಹೋಗುವ ಫೈಟರಿನಷ್ಟೇ ದೊಡ್ಡದು, ಅಷ್ಟೇ ಚುರುಕು. ಸೆಕೆಂಡಿಗೆ ಹತ್ತಿರ ಹತ್ತಿರ 6 ಡಿಗ್ರಿ ಗನ್ ತಿರುಗಿಸಬೇಕು. ಆದರೆ ಗುಂಡು ಹಾರುವ ಸಮಯ ಈ ಅಳತೆಗೆ ಸರಿಯಾಗಿ ಕುಗ್ಗುವುದಿಲ್ಲ. ಹಾಗಾಗಿ ಟ್ರ್ಯಾಕಿಂಗ್ (ಗುರಿಯನ್ನು ಬಿಡದೆ ಹಿಂಬಾಲಿಸುವುದು) ಮಾತ್ರ ಕಲಿಸಿ, ಲೀಡ್ (ಗುರಿಗಿಂತ ಮುಂದಕ್ಕೆ ಹಿಡಿದು ಹೊಡೆಯುವುದು) ಕಲಿಸಲು ಹೋಗಬೇಡಿ. ಬಣ್ಣಕ್ಕೆ ಕಿತ್ತಳೆ ಎಂದು ಎಲ್ಲರೂ ಹಠ ಹಿಡಿಯುತ್ತಾರೆ. ಬೆಳಗಿನ ಬಿಳಿ ಆಕಾಶಕ್ಕೆ ಕಪ್ಪೇ ಎದ್ದು ಕಾಣುವುದು. ಕಿತ್ತಳೆ ಬೇಕಾಗುವುದು ಆಮೇಲೆ, ಹುಲ್ಲಿನಲ್ಲಿ ಬಿದ್ದದ್ದನ್ನು ಹುಡುಕಲು.

4 ಎಂಎಂ ಶೀಟು, 8x4 ಅಡಿಯದು, ಐನೂರು ಚಿಲ್ಲರೆ ರೂಪಾಯಿ. ಒಂದು ಶೀಟಿಗೆ ಒಂದು ವಿಮಾನ ಏಳುತ್ತದೆ. ಚುನಾವಣೆ ಮುಗಿದ ಮೇಲೆ ಪ್ರಚಾರದ ಬೋರ್ಡುಗಳು ಪುಕ್ಕಟೆ ಸಿಗುತ್ತವೆ, ಆಸೆಪಡಬೇಡಿ. ಬಿಸಿಲು ತಿಂದ ಶೀಟು ಮಡಿಸುವಾಗ ಚಟ್ಟನೆ ಸೀಳುತ್ತದೆ. ಕೊಳವೆಗಳು ರೆಕ್ಕೆಯ ಉದ್ದಕ್ಕೆ ಇರಬೇಕು. ಮುಂದಿನ ಅಂಚಿನಲ್ಲಿ ಒಳಗಿನ ಪದರ ಮಾತ್ರ ಕೊಯ್ದು ಮಡಿಸಬೇಕು.

ಎಲ್ಲರೂ ಸೋಲುವುದು ಅಂಟಿನಲ್ಲಿ. ಈ ಶೀಟು ಪಾಲಿಪ್ರೊಪಿಲೀನ್, ಸಾಮಾನ್ಯ ಅಂಟುಗಳು ಅದಕ್ಕೆ ನೇರವಾಗಿ ಸರಿಯಾಗಿ ಹಿಡಿಯುವುದಿಲ್ಲ. ಗ್ಲೂ ಗನ್ ಅಂಟು ಶೆಡ್ಡಿನೊಳಗೆ ಗಟ್ಟಿ, ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯೊಳಗೆ ಸಡಿಲ. ಗ್ಯಾಸ್ ಟಾರ್ಚಿನ ನೀಲಿ ಉರಿಯನ್ನು ಜೋಡಣೆಯ ಜಾಗದ ಮೇಲೆ ಸರ್ರನೆ ಒಮ್ಮೆ ಎಳೆಯಿರಿ. ಶೀಟು ಹೊಳಪು ಬಿಟ್ಟು ಸುಕ್ಕಾದರೆ ಉರಿ ಜಾಸ್ತಿಯಾಯಿತು ಎಂದೇ ಅರ್ಥ. ಮೇಲೆ ನೀರು ಚಿಮುಕಿಸಿ ನೋಡಿ: ಹನಿಹನಿಯಾಗಿ ನಿಂತರೆ ಇನ್ನೂ ಆಗಿಲ್ಲ, ತೆಳ್ಳಗೆ ಹರಡಿದರೆ ಆಯಿತು. ಒರೆಸಿ ಒಣಗಿಸಿ ಅಂದೇ ಕಾಂಟ್ಯಾಕ್ಟ್ ಅಂಟು ಹಚ್ಚಿ. ದಿನ ಕಳೆದರೆ ಉರಿಯ ಗುಣ ಇಳಿದುಹೋಗುತ್ತದೆ. ಇಂಡಿ ಕಡೆಯ ನಮ್ಮ ಹುಡುಗರ ಕೈ ಇದಕ್ಕೆ ಎಷ್ಟು ಕುದುರಿದೆಯೆಂದರೆ ಈಗ ನೀರಿನ ಪರೀಕ್ಷೆಯೂ ಬೇಡವಂತೆ. ನಾನಂತೂ ಬಿಡುವುದಿಲ್ಲ.

ಇನ್ನು ರೇಡಾರ್. ಈ ಶೀಟು ರೇಡಾರಿಗೆ ಇದ್ದೂ ಇಲ್ಲದಂತೆ, ನಮಗೆ ಅದೇ ಅನುಕೂಲ: ಪ್ರತಿಫಲಕ ಒಡಲೊಳಗೇ ಕೂರಬಹುದು. ಮೂರು ತ್ರಿಕೋನಗಳು ಮೂಲೆಯಲ್ಲಿ ಸೇರಿ, ಬಂದ ತರಂಗವನ್ನು ಬಂದ ಕಡೆಗೇ ಮರಳಿಸುವ ಕಾರ್ನರ್ ರಿಫ್ಲೆಕ್ಟರ್, ಮೂಲೆಯಿಂದ ಅಂಚು 15 ಸೆಂ.ಮೀ. 3 ಸೆಂ.ಮೀ. ತರಂಗಕ್ಕೆ ಲೆಕ್ಕ ಹಾಕಿದರೆ ರೇಡಾರಿಗೆ ಕಾಣುವ ಗಾತ್ರ 2 ಚದರ ಮೀಟರಿನ ಮೇಲೆ ಬರುತ್ತದೆ. ಅಂಚು ನಾಲ್ಕನೇ ಘಾತದಲ್ಲಿ ಕೆಲಸ ಮಾಡುವುದರಿಂದ 20 ಸೆಂ.ಮೀ. ಮಾಡಿದರೆ 7 ದಾಟುತ್ತದೆ, ಒಡಲಲ್ಲಿ ಜಾಗವಿಲ್ಲ. ರಟ್ಟಿಗೆ ಫಾಯಿಲ್ ಅಂಟಿಸಿದ್ದು ಪುಣೆಯ ಮಳೆಗಾಲದಲ್ಲಿ ಹಪ್ಪಳದಂತೆ ಡೊಂಕಾಯಿತು. ಮೂಲೆಯ ಲಂಬಕೋನ ಎರಡು ಮೂರು ಡಿಗ್ರಿ ತಪ್ಪಿದರೆ ಸಾಕು, ಸಂಕೇತ ಕುಸಿಯುತ್ತದೆ. ಕೊನೆಗೆ ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಿಂದ 0.8 ಎಂಎಂ ಕಾಪರ್ ಕ್ಲಾಡ್ ಬೋರ್ಡ್ (ತಾಮ್ರ ಹೊದಿಸಿದ ಸರ್ಕ್ಯೂಟ್ ಹಲಗೆ) ತಂದು, ಮರದ ಅಚ್ಚಿನ ಮೇಲೆ ಕೂರಿಸಿ ಅಂಚುಗಳಿಗೆ ಬೆಸುಗೆ ಹಾಕಿದೆವು. ಒಂದಕ್ಕೆ 50 ಗ್ರಾಂ ಆಸುಪಾಸು, ಖರ್ಚು ಇನ್ನೂರರೊಳಗೆ. ಮೂತಿಗೊಂದು, ಪಕ್ಕಗಳಿಗೆ ಒಂದೊಂದು. ಮೂತಿ ಖಾಲಿ ಬೇಕಾದ್ದರಿಂದ ಮೋಟಾರ್ ಹಿಂದೆ. ಆಗ ಬಾಲ ಭಾರವಾಗುತ್ತದೆ. ಬ್ಯಾಟರಿ ಮುಂದಿಟ್ಟರೆ ರಿಫ್ಲೆಕ್ಟರಿಗೇ ಅಡ್ಡ. ಅದನ್ನು ಎಲ್ಲಿ ಕೂರಿಸಿ ತೂಕ ಸರಿಮಾಡಿದೆವು ಎಂಬುದು ನಮ್ಮಲ್ಲೇ ಇರಲಿ.

ದುಡ್ಡು ಹೋಗುವುದು ಎಲೆಕ್ಟ್ರಾನಿಕ್ಸಿಗೆ. ಮೋಟಾರ್, ಅದರ ವೇಗ ಹಿಡಿತದಲ್ಲಿಡುವ ಇಎಸ್‌ಸಿ, ರೆಕ್ಕೆಯ ಪಟ್ಟಿಗಳನ್ನು ಆಡಿಸುವ ಸರ್ವೋ, 4ಎಸ್ (ನಾಲ್ಕು ಸೆಲ್ಲಿನ) 5000 ಎಂಎಎಚ್ ಬ್ಯಾಟರಿ, ರಿಸೀವರ್, ಆಟೋಪೈಲಟ್ ಸೇರಿ ಇಪ್ಪತ್ತು ಸಾವಿರದ ಹತ್ತಿರ. ಪೂರ್ತಿ ಥ್ರಾಟಲ್‌ನಲ್ಲಿ ಏಳು ನಿಮಿಷ. ಒಡಲು ಬಿದ್ದು ಚಿಂದಿಯಾದರೂ ಇವು ಉಳಿಯಬೇಕು ಎಂದೇ ಎಲ್ಲವನ್ನೂ ಪ್ಲೈವುಡ್ ತಟ್ಟೆಯ ಮೇಲಿಟ್ಟು, ತಟ್ಟೆಯನ್ನು ನೈಲಾನ್ ಬೋಲ್ಟಿನಿಂದ ಬಿಗಿದಿದ್ದೇವೆ. ಡಿಕ್ಕಿಯಾದರೆ ಬೋಲ್ಟ್ ಮುರಿದು ತಟ್ಟೆ ಜಾರುತ್ತದೆ. ಸ್ಟೀಲ್ ಬೋಲ್ಟ್ ಹಾಕಿದವರ ಬ್ಯಾಟರಿ ಜಜ್ಜಿ ಹೊಗೆಯಾಡಿದ್ದು ಕಂಡಿದ್ದೇನೆ.

ಕವಣೆಯಂತೆ ರಬ್ಬರ್ ಎಳೆದು ಬಿಡುವ ಬಂಜಿ ಉಡಾವಣೆಗೆ 10 ಮೀಟರ್ ರಬ್ಬರ್, 25 ಮೀಟರ್ ಹಗ್ಗ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆತ ನೋಡಿ: ವಿಮಾನದ ತೂಕದ ನಾಲ್ಕು ಪಟ್ಟು. ಕೊಕ್ಕೆ ತೂಕದ ಬಿಂದುವಿಗಿಂತ ಸ್ವಲ್ಪ ಮುಂದಿರಲಿ. ಹಿಂದೆ ಸರಿದರೆ ಮೂತಿ ಎತ್ತಿ ಪಕ್ಕಕ್ಕೆ ಹೊರಳುತ್ತದೆ. ಹಗ್ಗ ಬಿಡುವ ತನಕ ಮೋಟಾರ್ ತಿರುಗಕೂಡದು. ಮಳೆಗಾಲದಲ್ಲಿ ಕೊಳವೆಯ ತುದಿಗಳನ್ನು ಮುಚ್ಚಿ, ಕೆಳಗೊಂದು ಸಣ್ಣ ತೂತು ಬಿಡಿ. ಒಳಗೆ ನೀರು ನಿಂತು ಒಂದು ರೆಕ್ಕೆ ಭಾರವಾದರೆ ಟ್ರಿಮ್ಮಿಗೆ ಬಗ್ಗುವುದಿಲ್ಲ.

ಹಾರಾಟದ ಮಾಹಿತಿಯನ್ನು ನೆಲಕ್ಕೆ ಕಳಿಸುವ ಟೆಲಿಮೆಟ್ರಿಗೆ 915 ಮೆಗಾಹರ್ಟ್ಸ್ ಮಾಡ್ಯೂಲ್ ಕೊಳ್ಳಬೇಡಿ, ನಮ್ಮಲ್ಲಿ ಲೈಸೆನ್ಸಿಲ್ಲದೆ ಬಿಟ್ಟಿರುವುದು 865ರ ತರಂಗಪಟ್ಟಿ. ಲೋಹಗಾಂವ್ ವಾಯುನೆಲೆ ಇರುವ ಊರಿದು, ಟ್ರಯಲ್‌ಗೆ ಮುಂಚೆ ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು. ಸಿಗ್ನಲ್ ತಪ್ಪಿದರೆ ಹಾರಿಸಿದ ಜಾಗಕ್ಕೇ ಮರಳುವ ಸೆಟ್ಟಿಂಗ್ ಫೈರಿಂಗ್ ರೇಂಜಿನಲ್ಲಿ ಅಪಾಯ, ಏಕೆಂದರೆ ಅದು ಜನರಿರುವ ಕಡೆಗೇ ಬರುತ್ತದೆ. ಥ್ರಾಟಲ್ ಕಟ್ಟಾಗಿ ಸುತ್ತುತ್ತ ಗಡಿಯೊಳಗೇ ಇಳಿಯುವಂತೆ ಇಡಿ.

ಈ ನಡುವೆ ವಿಮಾನದ ಹಿಂದೆ ಬಟ್ಟೆಯ ಸ್ಲೀವ್ (ಗುರಿಯಾಗಿ ಎಳೆದೊಯ್ಯುವ ಉದ್ದನೆಯ ಚೀಲ) ಕಟ್ಟಿ ಎಳೆದು ನೋಡಿದೆವು, ಐವತ್ತು ಮೀಟರ್ ಹಗ್ಗಕ್ಕೆ. ಸ್ಲೀವ್ ಗಿರಗಿರನೆ ತಿರುಗಿ ಹಗ್ಗವೆಲ್ಲ ಹುರಿಗೊಂಡಿತು. ಮುಂಬೈಗೆ ಹೋದಾಗ ಸಸೂನ್ ಡಾಕ್ ಬಳಿಯ ಗಾಳದ ಅಂಗಡಿಯಲ್ಲಿ ತಂದ ಹಿತ್ತಾಳೆ ಸ್ವಿವೆಲ್ (ತಿರುಗುವ ಕೊಂಡಿ) ಎರಡೂ ತುದಿಗೆ ಹಾಕಿದ ಮೇಲೆ ಹುರಿ ನಿಂತಿತು. ಆದರೆ ಸ್ಲೀವಿನ ಎಳೆತಕ್ಕೆ ವೇಗ ಅರ್ಧಕ್ಕಿಳಿದು, ಮೋಟಾರ್ ಮುಟ್ಟಲಾಗದಷ್ಟು ಕಾಯುತ್ತಿದೆ. ಅದಕ್ಕೆ 6ಎಸ್ ಒಡಲು ಬೇರೆಯೇ ಕಟ್ಟಬೇಕು, ಶೀಟು ಕೊಯ್ದಿಟ್ಟಿದ್ದೇವೆ.