ಲೈನ್ ಮನೆ ಬಿಟ್ಟರೆ ಕೊಡಗಿನ ಲೆಕ್ಕ ಸಿಗುವುದಿಲ್ಲ: ಜನಗಣತಿ ಮಾಡಿದ ನನ್ನ ಅನುಭವ

ಮುಂದಿನ ಜನಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ ಅಂತ ನಿಗದಿಯಾದ ಮೇಲೆ ನಮ್ಮ ಕಡೆ ಗಣತಿಗೆ ಹೋಗಬೇಕಾದ ಹೊಸ ಟೀಚರ್‌ಗಳು ಕೇಳುತ್ತಿದ್ದಾರೆ, ಕಾಫಿ ತೋಟದ ಏರಿಯಾದಲ್ಲಿ ಹೇಗೆ ಮಾಡಿದ್ರಿ ಅಂತ. 2011ರಲ್ಲಿ ನಾನು ದಕ್ಷಿಣ ಕೊಡಗಿನಲ್ಲಿ, ಆಗಿನ ವಿರಾಜಪೇಟೆ ತಾಲ್ಲೂಕಿನಲ್ಲಿ, ಗಣತಿದಾರಳಾಗಿದ್ದೆ. ಈ ಸಲ ಕಾಗದದ ಬದಲು ಮೊಬೈಲ್ ಬರುತ್ತೆ, ಜಾತಿಯನ್ನೂ ಬರೆದುಕೊಳ್ಳುತ್ತಾರೆ. ಆದರೆ ತೋಟ ಅದೇ, ತಿಂಗಳೂ ಅದೇ ಫೆಬ್ರುವರಿ.

ಆ ತಿಂಗಳೇ ನಮ್ಮ ಜಿಲ್ಲೆಗೆ ದೊಡ್ಡ ವಿಷಯ. 2011ರಲ್ಲಿ ಎಣಿಕೆ ನಡೆದಿದ್ದು ಫೆಬ್ರುವರಿ 9ರಿಂದ 28ರವರೆಗೆ. ಆಗ ಇಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಜೋರಾಗಿರುತ್ತೆ. ಕಣದ ತುಂಬ ಕಾಫಿ, ಲೈನ್ ಮನೆಗಳ, ಅಂದರೆ ತೋಟದ ಕೆಲಸಗಾರರಿರುವ ಸಾಲು ಮನೆಗಳ, ತುಂಬ ಜನ. ತಮಿಳುನಾಡಿನವರು, ಹುಣಸೂರು, ಎಚ್.ಡಿ. ಕೋಟೆ ಕಡೆಯವರು, ಅಸ್ಸಾಮಿನಿಂದ ಬಂದವರು. ಇವರನ್ನು ಬರೀಬೇಕಾ ಬೇಡವಾ? ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ.

ನಿಯಮದಲ್ಲಿ ಗೊಂದಲ ಇಲ್ಲ. ಎಣಿಕೆಯ ಅಷ್ಟೂ ದಿನ ಸ್ವಂತ ಊರಿನ ಮನೆಗೆ ಹೋಗದೆ ಇಲ್ಲೇ ಇದ್ದವರನ್ನು ಇಲ್ಲೇ ಬರೀಬೇಕು. ವೋಟು ಎಲ್ಲಿದೆ, ರೇಷನ್ ಕಾರ್ಡ್ ಎಲ್ಲಿದೆ ಅನ್ನೋದು ಲೆಕ್ಕಕ್ಕೇ ಇಲ್ಲ. ಬೆಳಗ್ಗೆ ಜೀಪಲ್ಲಿ ಬಂದು ಸಂಜೆ ಊರಿಗೆ ಮರಳುವವರು ಮಾತ್ರ ಅವರ ಊರಿನ ಪಟ್ಟಿಗೆ. ಹಾಗಾಗಿ ಒಂದೇ ಗಿಡದ ಎರಡು ಬದಿಯಲ್ಲಿ ಕೊಯ್ಯುತ್ತಿರುವ ಇಬ್ಬರಲ್ಲಿ ಒಬ್ಬರು ಕೊಡಗಿನ ಲೆಕ್ಕಕ್ಕೆ ಸೇರಿದರೆ ಇನ್ನೊಬ್ಬರು ಮೈಸೂರು ಜಿಲ್ಲೆಯ ಲೆಕ್ಕಕ್ಕೆ ಹೋಗಬಹುದು.

ಇದನ್ನು ಪತ್ತೆ ಮಾಡೋದು ಹೇಗೆ? ನಾನು ಮೊದಲು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರ, ಹತ್ರ ಕೂತು ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ನೋಡುತ್ತಿದ್ದೆ. ಚೆಕ್‌ರೋಲ್‌ನಲ್ಲಿ ಕೆಲಸಕ್ಕೆ ಬಂದವರ ಹೆಸರಷ್ಟೇ ಇರುತ್ತೆ. ಮಕ್ಕಳಿಲ್ಲ, ಅಡುಗೆ ನೋಡಿಕೊಳ್ಳುವ ಅಜ್ಜಿ ಇಲ್ಲ, ಹುಷಾರಿಲ್ಲದೆ ಮಲಗಿದವರಿಲ್ಲ. ಆದ್ದರಿಂದ ಅದನ್ನು ನೋಡಿ ಬರೆದುಕೊಂಡು ಬಂದರೆ ಅದು ಗಣತಿಯಲ್ಲ, ಹಾಜರಿ. ಲೈನ್‌ಗೆ ಹೋಗಲೇಬೇಕು, ಅದೂ ಸಂಜೆ ಐದರ ಮೇಲೆ. ಕೊಯ್ದ ಕಾಫಿ ಅಳತೆ ಮುಗಿದು, ಸೌದೆ ಹೊತ್ತು, ಒಲೆ ಹಚ್ಚುವ ಹೊತ್ತಿಗೆ. ಹಗಲು ಹೋದರೆ ಹತ್ತು ಬಾಗಿಲಲ್ಲಿ ಎಂಟಕ್ಕೆ ಬೀಗ.

ಬಾಗಿಲಲ್ಲಿ ನಿಂತು "ಮನೇಲಿ ಎಷ್ಟು ಜನ" ಅಂತ ಕೇಳಬೇಡಿ. "ನಿನ್ನೆ ರಾತ್ರಿ ಇಲ್ಲಿ ಯಾರ್ಯಾರು ಮಲಗಿದ್ರು" ಅಂತ ಶುರು ಮಾಡಿ, ಆಮೇಲೆ ಎಷ್ಟು ದಿನದಿಂದ ಇದ್ದಾರೆ ಅಂತ ಬಿಡಿಸಿ ಕೇಳಿ. ಜನ ಅಂದರೆ ದುಡಿಯುವವರು ಅಂತಲೇ ತಿಳಿದು ಉತ್ತರ ಕೊಡುವವರು ಜಾಸ್ತಿ. ಒಂದು ಲೈನಲ್ಲಿ ಮೇಸ್ತ್ರಿಯೇ ಮುಂದೆ ಬಂದು "ನಾಲ್ಕು ಆಳು, ಬರ್ಕೊಳ್ಳಿ ಟೀಚರ್" ಅಂದರು. ಒಳಗಿಂದ ತೊಟ್ಟಿಲು ತೂಗುವ ಸದ್ದು ಬರ್ತಾ ಇತ್ತು. ಕೇಳಿದರೆ, "ಅದಕ್ಕಿನ್ನೂ ಹೆಸರಿಟ್ಟಿಲ್ಲವಲ್ಲ" ಅಂತ ತಾಯಿಯ ಉತ್ತರ. ಹೆಸರಿಡದ ಮಗುವೂ ಒಂದು ತಲೆ. ಇಂಥ ಮಕ್ಕಳು ಬಿಟ್ಟುಹೋದರೆ ಅಂಗನವಾಡಿಯ ಲೆಕ್ಕ, ಶಾಲೆಯ ಲೆಕ್ಕ ಎಲ್ಲವೂ ಮುಂದೆ ತಪ್ಪುತ್ತಾ ಹೋಗುತ್ತೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದೊಡ್ಡ ಮನೆಗಳಲ್ಲಿ ಇದರ ಉಲ್ಟಾ. ಇಲ್ಲದವರನ್ನು ಬರೆಸೋಕೆ ನೋಡುತ್ತಾರೆ. ಮಗ ಬೆಂಗಳೂರಲ್ಲಿ, ಇನ್ನೊಬ್ಬ ಪಟಾಳಂನಲ್ಲಿ (ಸೈನ್ಯದಲ್ಲಿ), ಮಗಳು ಮೈಸೂರಲ್ಲಿ ಓದುತ್ತಾ ಇದ್ದಾಳೆ. "ಮನೆ ಇದೇ ಅಲ್ವಾ ಟೀಚರ್, ಹಾಕಿ" ಅಂತಾರೆ. ಹಾಕೋ ಹಾಗಿಲ್ಲ. ಅವರನ್ನು ಅವರಿರುವ ಕಡೆ ಎಣಿಸುತ್ತಾರೆ ಅಂತ ಸಮಾಧಾನವಾಗಿ ಹೇಳಬೇಕು. ಕೆಲವು ತಾಯಂದಿರಿಗೆ ಬೇಜಾರಾಗುತ್ತೆ, ಹೆಸರು ಕಿತ್ತುಹಾಕಿದ ಹಾಗೆ ಅನ್ನಿಸುತ್ತೆ. ಅಲ್ಲಿ ಎರಡು ನಿಮಿಷ ಜಾಸ್ತಿ ಕೂರಿ, ತಪ್ಪಿಲ್ಲ.

ಫಲಿತಾಂಶ ಬಂದಾಗ ನಾನು ಬಾಗಿಲು ಬಾಗಿಲಲ್ಲಿ ಕಂಡಿದ್ದೇ ಅಂಕಿಗಳಲ್ಲೂ ಕಂಡಿತು. ಕೊಡಗಿನ ಜನಸಂಖ್ಯೆ 5,54,519, ರಾಜ್ಯದ ಜಿಲ್ಲೆಗಳಲ್ಲೇ ಕಡಿಮೆ. 2001ರಲ್ಲಿ 5,48,561 ಇತ್ತು. ಇಡೀ ಕರ್ನಾಟಕ ಹತ್ತು ವರ್ಷದಲ್ಲಿ ಶೇ 15ಕ್ಕಿಂತ ಹೆಚ್ಚು ಬೆಳೆದರೆ ನಾವು ಶೇ 1ರ ಆಸುಪಾಸು. ಸಾವಿರ ಗಂಡಸರಿಗೆ 1019 ಹೆಂಗಸರು, ರಾಜ್ಯದಲ್ಲಿ 973. ಹೆಣ್ಣುಮಕ್ಕಳ ಸಂಖ್ಯೆ ಇಷ್ಟಿರೋದು ಸಂತೋಷವೇ. ಆದರೆ ನನ್ನ ಬ್ಲಾಕಿನ, ಅಂದರೆ ನಾನು ಎಣಿಸಿದ ಪ್ರದೇಶದ, ಮಟ್ಟಿಗೆ ಹೇಳೋದಾದರೆ ಅದರ ಹಿಂದೆ ದುಡಿಮೆಗೆ ಹೊರಗೆ ಹೋದ ಗಂಡಸರೂ ಇದ್ದಾರೆ.

ಹಳೆಯ ಅಂಕಿ ನೋಡಿದರೆ ಇನ್ನೂ ಆಶ್ಚರ್ಯ. 1901ರಲ್ಲಿ ಇದೇ ಕೊಡಗಿನಲ್ಲಿ ಸಾವಿರ ಗಂಡಸರಿಗೆ ಸುಮಾರು 800 ಹೆಂಗಸರು. ಆಗ ತೋಟಕ್ಕೆ ಬರುತ್ತಿದ್ದವರಲ್ಲಿ ಒಂಟಿ ಗಂಡಸರೇ ಹೆಚ್ಚು. 1871ರಲ್ಲಿ 1,68,312 ಜನ, ಎಪ್ಪತ್ತು ವರ್ಷ ಕಳೆದು 1941ರಲ್ಲಿ 1,68,726. ಅಷ್ಟು ವರ್ಷದಲ್ಲಿ ಹೆಚ್ಚಿದ್ದು ಬರೀ ನಾನೂರು ಚಿಲ್ಲರೆ! ಮಲೇರಿಯಾ ಅಷ್ಟು ಜನರನ್ನು ತಿಂದಿತ್ತು. ಆಮೇಲೆ ಸೊಳ್ಳೆ ಕೊಲ್ಲುವ ಡಿಡಿಟಿ ಬಂತು, ತೋಟಗಳು ಹಬ್ಬಿದವು, ಕೇರಳದ ಕಡೆಯಿಂದ ಜನ ಬಂದರು, 1961ಕ್ಕೆ 3,22,829. ಹೊರಗಿಂದ ಬಂದವರನ್ನು ಬಿಟ್ಟು ಕೊಡಗಿನ ಲೆಕ್ಕ ಯಾವ ಕಾಲಕ್ಕೂ ಇರಲಿಲ್ಲ.

ವಯಸ್ಸಿನ ಕಾಲಂ ಬಗ್ಗೆ ಒಂದು ಮಾತು. ವಯಸ್ಸಾದವರನ್ನು ಕೇಳಿದರೆ ಅರವತ್ತು, ಎಪ್ಪತ್ತು, ಎಂಬತ್ತು, ಎಲ್ಲ ಸೊನ್ನೆಗೇ ನಿಲ್ಲುತ್ತೆ. ಊರಿಗೆ ಗೊತ್ತಿರುವ ಘಟನೆ ಹಿಡಿದು ಕೇಳಬೇಕು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದಾಗ, ಅಂದರೆ 1956ರಲ್ಲಿ, ಮದುವೆ ಆಗಿತ್ತಾ? ಒಬ್ಬ ಅಜ್ಜಿ ತನಗೆ ಎಪ್ಪತ್ತು ಅಂದರು. ಮಾತಾಡ್ತಾ ಮಾತಾಡ್ತಾ, ಗಾಂಧಿ ಪೊನ್ನಂಪೇಟೆಗೆ ಬಂದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ ನೆನಪು ಹೇಳಿದರು. ಗಾಂಧಿ ಕೊಡಗಿಗೆ ಬಂದಿದ್ದು 1934ರಲ್ಲಿ. ನೆನಪಿರಬೇಕಾದರೆ ನಾಲ್ಕೈದು ವರ್ಷ ಆಗಿರಲೇಬೇಕು. ಅಜ್ಜಿಗೂ ಮನೆಯವರಿಗೂ ಲೆಕ್ಕ ಬಿಡಿಸಿ ಹೇಳಿ, ಎಲ್ಲರೂ ಒಪ್ಪಿದ ಮೇಲೆ 81 ಅಂತ ಬರೆದೆ.

ಮಾತೃಭಾಷೆಯ ಕಾಲಂನಲ್ಲಿ ಅವರು ಹೇಳಿದ್ದನ್ನೇ ಬರೆಯಿರಿ. ನೀವು ತೀರ್ಮಾನ ಮಾಡಬೇಡಿ. ಒಂದೇ ಲೈನಲ್ಲಿ ಮಲಯಾಳಂ, ತಮಿಳು, ತುಳು, ಹಾಡಿಯಲ್ಲಿ (ಆದಿವಾಸಿಗಳ ಕೇರಿಯಲ್ಲಿ) ಎರವ, ಜೇನು ಕುರುಬ, ಮೇಲಿನ ಮನೆಯಲ್ಲಿ ಕೊಡವ ತಕ್ಕ್. ಹಾಡಿಯಲ್ಲಿ ಕೆಲವರು ಸಂಕೋಚಕ್ಕೆ "ಕನ್ನಡ ಹಾಕಿ" ಅಂದುಬಿಡುತ್ತಾರೆ. ಮನೇಲಿ ಅಮ್ಮನ ಹತ್ರ ಯಾವ ಮಾತಾಡ್ತೀರಿ ಅಂತ ಇನ್ನೊಮ್ಮೆ ಕೇಳಿ. ಎರವ ಭಾಷೆಯನ್ನು ಗಣತಿಯ ಭಾಷಾ ಪಟ್ಟಿಯಲ್ಲಿ ಮಲಯಾಳಂ ಗುಂಪಿನೊಳಗೆ ಸೇರಿಸುತ್ತಾರೆ. ಆದರೂ ಆ ಗುಂಪಿನೊಳಗೆ ಎರವಕ್ಕೆ ಬೇರೆ ಸಾಲು ಇರುತ್ತೆ, ನೀವು ಕೇಳಿ ಬರೆದರೆ ಮಾತ್ರ ಅದು ತುಂಬೋದು.

ಕೊನೆಗೆ, ಮಾರ್ಚ್ 1ರಿಂದ 5ರವರೆಗಿನ ಮರುಭೇಟಿಯನ್ನು ಸುಮ್ನೆ ಸಹಿ ಹಾಕುವ ಕೆಲಸ ಅಂದುಕೊಳ್ಳಬೇಡಿ. ಫೆಬ್ರುವರಿ 28ರ ನಡುರಾತ್ರಿಯೊಳಗೆ ಹುಟ್ಟಿದ ಮಗು ಸೇರಬೇಕು, ತೀರಿಕೊಂಡವರ ಹೆಸರು ತೆಗೆಯಬೇಕು. ಲೈನ್‌ಗಳಿಗೆ ಮತ್ತೆ ಸಂಜೆಯೇ ಹೋಗಿ, ಹೊಸದಾಗಿ ಬಂದ ಕುಟುಂಬ ಇದ್ದರೆ ಬೇರೆ ಕಡೆ ಬರೆಸಿದ್ದಾರಾ ಅಂತ ಕೇಳಿ. ಈ ಸಲ ಮೊಬೈಲಾದ್ದರಿಂದ ತೋಟದೊಳಗೆ ನೆಟ್‌ವರ್ಕ್ ಎಲ್ಲಿ ಸಿಗುತ್ತೆ ಅನ್ನೋದನ್ನೂ ರೈಟರ್ ಹತ್ರ ಮೊದಲೇ ಕೇಳಿಟ್ಟುಕೊಳ್ಳಿ.