ರಾತ್ರಿ ಹನ್ನೊಂದಕ್ಕೆ ಮಿಕ್ಸಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರುವುದು ಹಾಲಿನಲ್ಲಿ. ಅಮ್ಮ ಮಲಗುವುದೂ ಹಾಲಿನಲ್ಲೇ. ಕಳೆದ ಮೇ ತಿಂಗಳಲ್ಲಿ ಒಂದು ರಾತ್ರಿ ನಾನು ಗೇಮ್ ಆಡುತ್ತಿದ್ದಾಗ ಅಮ್ಮ ಎದ್ದು ಕೂತು ಭುಜ ಅಲ್ಲಾಡಿಸಿದರು. "ಎಂತ ಮಾರಾಯಾ, ಈ ಹೊತ್ತಿಗೆ ಮಿಕ್ಸಿ ಯಾಕೆ?"

ಹೆಡ್‌ಫೋನ್ ತೆಗೆದೆ. ನಿಜ, ಮಿಕ್ಸಿಯೇ.

ತಪ್ಪು ನನ್ನದು. ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ 80 ಡಿಗ್ರಿ ತೋರಿಸಿತು ಅಂತ ಹೆದರಿ, ಅದನ್ನು ಹೊಂದಿಸುವ ಸಾಫ್ಟ್‌ವೇರ್ ಆಫ್ಟರ್‌ಬರ್ನರ್‌ನಲ್ಲಿ ಫ್ಯಾನ್ 85 ಪರ್ಸೆಂಟಿಗೆ ಇಟ್ಟುಬಿಟ್ಟಿದ್ದೆ. ಅಷ್ಟು ಗದ್ದಲಕ್ಕೆ ಇಳಿದದ್ದು 5 ಡಿಗ್ರಿ.

ಆಮೇಲೆ ಕೂತು ನೋಡಿದೆ. ನನ್ನದು ಆರ್‌ಟಿಎಕ್ಸ್ 3060. ಇದಕ್ಕೆ ಎನ್ವಿಡಿಯಾ ಹೇಳಿರುವ ಗರಿಷ್ಠ ಮಿತಿ 93 ಡಿಗ್ರಿ. ಅದಕ್ಕೂ ಮೊದಲೇ, 83ರ ಸುಮಾರಿಗೆ, ಕಾರ್ಡ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಇನ್ನು ನಮ್ಮ ಹಾಲಿನಲ್ಲಿ ಮೇ ತಿಂಗಳ ರಾತ್ರಿಯೂ 32 ಡಿಗ್ರಿ. ಕೋಣೆ ಎಷ್ಟು ಬಿಸಿಯೋ ಕಾರ್ಡೂ ಹೆಚ್ಚುಕಮ್ಮಿ ಅಷ್ಟೇ ಮೇಲಕ್ಕೆ ಹೋಗುತ್ತದೆ. 24 ಡಿಗ್ರಿ ಎಸಿಯಲ್ಲಿ ಕೂತವರು "ನನ್ನದು 65" ಅಂದರೆ ಅದು ನಮ್ಮ ಮನೆಯಲ್ಲಿ 73 ಅಂತಲೇ ಲೆಕ್ಕ. ಸುಮ್ನೆ ಹೊಟ್ಟೆಕಿಚ್ಚು ಪಟ್ಟಿದ್ದೆ.

ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಒಂದು ಕಂಪ್ಯೂಟರ್ ಅಂಗಡಿಯವರು ಕಾರ್ಡನ್ನು ನೋಡದೆಯೇ "ಥರ್ಮಲ್ ಪೇಸ್ಟ್ ಹೋಗಿದೆ" ಅಂದಿದ್ದರು. ಚಿಪ್ಪಿನ ಬಿಸಿಯನ್ನು ಹೊರಗೆ ದಾಟಿಸುವ ಲೇಪ ಅದು. ಎಚ್‌ಡಬ್ಲ್ಯೂಇನ್ಫೋ ಅನ್ನುವ, ಬಿಸಿ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಹಾಟ್ ಸ್ಪಾಟ್, ಅಂದರೆ ಚಿಪ್ಪಿನ ಅತಿ ಬಿಸಿ ಜಾಗದ ಅಂಕಿ ನೋಡಿದರೆ ಕಾರ್ಡಿನ ಮಾಮೂಲಿ ಅಂಕಿಗಿಂತ 12 ಡಿಗ್ರಿ ಮಾತ್ರ ಜಾಸ್ತಿ. ಪೇಸ್ಟ್ ಒಣಗಿದ್ದರೆ ಈ ಅಂತರ 25–30 ಆಗಿರುತ್ತಿತ್ತು. ಹಾಗಾಗಿ ಕಾರ್ಡ್ ಬಿಚ್ಚಲಿಲ್ಲ.

ಬದಲಿಗೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು ಅರ್ಧ ಗಂಟೆ ಆಡಿದೆ. 8 ಡಿಗ್ರಿ ಇಳಿಯಿತು! ಅಂದರೆ ಕಾರ್ಡ್ ಸರಿಯಿದೆ, ಅದಕ್ಕೆ ಗಾಳಿ ಸಿಗುತ್ತಿಲ್ಲ. ಮುಂದಿನ ಜಾಲರಿ ಕಿತ್ತು ನೋಡಿದರೆ ಕಂಬಳಿಯಂಥ ಪದರ. ಧೂಳೊಂದೇ ಆಗಿದ್ದರೆ ಬ್ರಷ್‌ನಲ್ಲಿ ಹೋಗುತ್ತಿತ್ತು. ಹಾಲಿಗೂ ಅಡುಗೆಮನೆಗೂ ಬಾಗಿಲಿಲ್ಲ. ಬಂಗುಡೆ ಹುರಿದ ಎಣ್ಣೆಯ ಹೊಗೆ, ಊದುಬತ್ತಿ ಹೊಗೆ ಎಲ್ಲಾ ಸೇರಿ ಅಂಟಿಕೊಂಡಿತ್ತು. ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕಿ, ಒಂದು ದಿನ ಒಣಗಿಸಿದೆ. ಕಾರ್ಡಿನ ಫ್ಯಾನಿಗೆ ಗಾಳಿ ಊದುವಾಗ ಎಲೆಗಳನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಹಿಡಿಯದಿದ್ದರೆ ಅದು ಸಿಕ್ಕಾಪಟ್ಟೆ ತಿರುಗಿ ಬೇರಿಂಗ್ ಹಾಳಾಗಬಹುದು.

ಆದರೂ ನಿಜವಾದ ಲಾಭ ಸಿಕ್ಕಿದ್ದು ಚಿಪ್ಪಿಗೆ ಹೋಗುವ ವೋಲ್ಟೇಜ್ ತಗ್ಗಿಸುವ ಅಂಡರ್‌ವೋಲ್ಟ್‌ನಿಂದ. ಫ್ಯಾನ್ ಬಿಸಿಯನ್ನು ಕಾರ್ಡಿನಿಂದ ಹೊರಗೆ ಸಾಗಿಸುತ್ತದೆ, ಅಷ್ಟೇ. ಆ ಬಿಸಿ ಕೊನೆಗೆ ಬರುವುದು ಅದೇ ಹಾಲಿಗೆ, ಅಲ್ವಾ? ಬಿಸಿ ಹುಟ್ಟುವುದೇ ಕಮ್ಮಿಯಾಗಬೇಕು. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಎಷ್ಟು ವೋಲ್ಟೇಜಿಗೆ ಚಿಪ್ ಎಷ್ಟು ವೇಗ ಅನ್ನುವ ಗೆರೆ ತೆರೆಯುತ್ತದೆ. ಮೊದಲ ಸಲ ದುರಾಸೆಯಿಂದ 850 ಮಿಲಿವೋಲ್ಟ್‌ಗೆ 1900 ಮೆಗಾಹರ್ಟ್ಜ್ ಇಟ್ಟೆ. ಹತ್ತು ನಿಮಿಷಕ್ಕೆ ಸ್ಕ್ರೀನ್ ಕಪ್ಪು, ಗೇಮ್ ಸೇವ್ ಆಗಿರಲಿಲ್ಲ. ಕೊನೆಗೆ 875ಕ್ಕೆ 1800 ಇಟ್ಟು, ಅಲ್ಲಿಂದ ಬಲಕ್ಕೆ ಗೆರೆಯನ್ನು ಚಪ್ಪಟೆ ಮಾಡಿದೆ, ಅದಕ್ಕಿಂತ ಮೇಲೆ ಹೋಗದಿರಲಿ ಅಂತ. ನಿಮ್ಮ ಕಾರ್ಡಿಗೆ ಇದೇ ಅಂಕಿ ಒಗ್ಗುತ್ತದೆ ಅಂತಿಲ್ಲ, ಒಂದೊಂದು ಚಿಪ್ಪೂ ಒಂದೊಂದು ಥರ. 170 ವ್ಯಾಟ್ ಕುಡಿಯುತ್ತಿದ್ದ ಕಾರ್ಡ್ ಈಗ 130ರ ಆಸುಪಾಸಿನಲ್ಲಿದೆ. ಆಟದಲ್ಲಿ ವ್ಯತ್ಯಾಸ ನನ್ನ ಕಣ್ಣಿಗೆ ಕಾಣಲಿಲ್ಲ. ಮಾನಿಟರ್ 75 ಹರ್ಟ್ಜ್‌ನದ್ದು, ಸೆಕೆಂಡಿಗೆ ಅಷ್ಟೇ ಚಿತ್ರ ತೋರಿಸುತ್ತದೆ, ಅದಕ್ಕೇ ಫ್ರೇಮ್ ಮಿತಿಯನ್ನೂ 72ಕ್ಕೆ ಕಟ್ಟಿದೆ. ಬರೀ ಮೆನು ತೆರೆದಾಗ 300 ಫ್ರೇಮ್ ಓಡಿಸಿ ಯಾರಿಗೆ ಉಪಕಾರ?

ಎಷ್ಟು ಬಿಸಿಗೆ ಫ್ಯಾನ್ ಎಷ್ಟು ಜೋರು ಅನ್ನುವ ಗೆರೆಯಲ್ಲಿ ಇನ್ನೊಂದು ಕಲಿತೆ. ನಿದ್ದೆ ಕೆಡಿಸುವುದು ಒಂದೇ ಸಮನೆ ಬರುವ ಸದ್ದಲ್ಲ, ಏರಿಳಿಯುವ ಸದ್ದು. ನಮ್ಮ ಕಿಟಕಿಯಾಚೆ ಲೋಕಲ್ ಟ್ರೈನ್ ಹೋಗುತ್ತಲೇ ಇರುತ್ತದೆ, ಅಮ್ಮನಿಗೆ ಅದು ಕೇಳಿಸುವುದೇ ಇಲ್ಲ. ಹಾಗಾಗಿ 60ರಿಂದ 75 ಡಿಗ್ರಿವರೆಗೆ ಫ್ಯಾನನ್ನು 45 ಪರ್ಸೆಂಟಿನಲ್ಲೇ ಬಿಟ್ಟೆ, 80 ದಾಟಿದರೆ ಮಾತ್ರ ಜೋರಾಗಲಿ ಅಂತ. ಹಿಸ್ಟರಿಸಿಸ್, ಅಂದರೆ ಫ್ಯಾನ್ ನಿಧಾನವಾಗಲು ಬಿಸಿ ಎಷ್ಟು ಇಳಿಯಬೇಕು ಅನ್ನುವುದನ್ನು, 4 ಡಿಗ್ರಿ ಇಟ್ಟೆ. ಒಂದು ಡಿಗ್ರಿ ಇಳಿದಾಕ್ಷಣ ಫ್ಯಾನ್ ನಿಧಾನವಾಗಿ, ಮತ್ತೆ ಜೋರಾಗುವ ಗೋಳು ಅದರಿಂದ ತಪ್ಪಿತು.

ಈಗ ಬೇಸಿಗೆಯಲ್ಲಿ 74, ಮಳೆಗಾಲದಲ್ಲಿ 70ರೊಳಗೆ. ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆಯುತ್ತೇನೆ. ಮೊನ್ನೆ ರಾತ್ರಿಯೂ ಅಮ್ಮ ಎದ್ದಿದ್ದರು. ನಾನು ಕೀಬೋರ್ಡ್ ಕುಟ್ಟುವ ಸದ್ದಿಗೆ.